ಕಾಲುಂಗುರ ಕಳಚಿ ಓಡಿದ್ದು

ನನ್ನಕ್ಕನ ಬಲಗಾಲಿನ ಎರಡನೆಯ ಬೆರಳನ್ನು ಆಸ್ಪತ್ರೆಯಲ್ಲಿ ತೆಗೆದರೆಂದು ಮಡಕಶಿರದಿಂದ ಫೋನ್ ಬಂದಾಗ ನಾನು ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ಪ್ಯಾಂಟಿಗೆ ಜಿಪ್ ಕೂರಿಸುತ್ತಿದ್ದೆ. ಸುದ್ದಿ ಕೇಳಿ ಮೊದಲು ಅಳು ಬರಲಿಲ್ಲ. ಬಗ್ಗಿ ಮಿಷಿನ್ ಪೆಡಲಿನ ಮೇಲಿದ್ದ ನನ್ನ ಕಾಲು ನೋಡಿಕೊಂಡೆ. ಬೆರಳುಗಳೆಲ್ಲ ಇದ್ದವು. ಇನ್ನೊಂದು ಕಾಲನ್ನೂ ನೋಡಿದೆ. ಆಮೇಲೆ ಅಳು ಬಂತು. ಅಕ್ಕನ ಬೆರಳು ಹೋದದ್ದಕ್ಕೆ ತನ್ನ ಬೆರಳು ಎಣಿಸಿಕೊಂಡವಳು ಎಂಥ ತಂಗಿಯೋ ಎಂದು ಯಾರಾದರೂ ಕೇಳಬಹುದು. ಕೆಟ್ಟದ್ದು ಯಾರ ಮನೆಗೆ ಬಂದರೂ, ಹೋಗುವಾಗ ನನ್ನ ಮನೆಯ ಬಾಗಿಲು ತಟ್ಟಿಯೇ ಹೋಗುತ್ತದೆಂದು ನಂಬಿದವಳು ನಾನು.

ಎರಡು ಕಡೆ ಬಸ್ ಬದಲಿಸಿ ಅಕ್ಕನನ್ನು ನೋಡಲು ಹೋದೆ. ಪಡಸಾಲೆಯಲ್ಲಿ ಗೋಡೆಗೊರಗಿ, ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲೆ ಚಾಚಿ ಕೂತಿದ್ದಳು. ಪಟ್ಟಿಯಿಂದ ಹೊರಗೆ ಇಣುಕಿದ್ದ ಬೆರಳುಗಳಲ್ಲಿ ನಡುವಿನದರ ಮೇಲೆ ಬೆಳ್ಳಿ ಹೊಳೆಯಿತು.

"ಇದೇನಕ್ಕ, ಕಾಲುಂಗುರ ಈ ಬೆರಳಿಗೆ ಬಂದೈತೆ?"

"ಇನ್ನೇನ್ ಮಾಡ್ಲಿ? ಆ ಬೆರಳು ಹೋಯ್ತು ಅಂತ ನಿಮ್ ಭಾವನ್ನೂ ಜತೇಲಿ ಕಳಿಸ್ಬಿಡಕ್ಕಾಯ್ತದಾ? ಪಕ್ಕದ್ದಕ್ಕೆ ಏರಿಸ್ದೆ."

ಒಳಗಿನಿಂದ ಭಾವ ಕೆಮ್ಮಿ, "ಇನ್ನೂ ಇಲ್ಲೇ ಇವ್ನಿ ಕಣಮ್ಮ, ನೋಡ್ಕೊಂಡೇ ಹೋಗು" ಅಂದರು. ಮೂವರೂ ನಕ್ಕೆವು. ನಗು ನಿಂತ ಮೇಲೆ ಅಕ್ಕ ಮೆಲ್ಲಗೆ ಹೇಳಿದಳು. "ಶುರುವಾಗಿದ್ದು ಒಂದ್ ಚಪ್ಲಿ ಕಡಿತದಿಂದ. ಒಣಗ್ತದೆ ಒಣಗ್ತದೆ ಅಂತ ಅರಿಶ್ಣ ಮೆತ್ಕೊಂಡು ಕುಂತೆ. ಶುಗರ್ ಇರೋ ಮೈಯಾಗೆ ಗಾಯ ಒಣಗಲ್ವಂತೆ. ನಿಂದೂ ನಮ್ಮವ್ವನ ಮೈಯೇ, ಹೋಗಿ ತೋರಿಸ್ಕೊ."

ತೋರಿಸಿಕೊಂಡೆ. ರಾಯದುರ್ಗದ ಡಾಕ್ಟರು ಚೀಟಿ ನೋಡಿ, ಶುಗರ್ ಇನ್ನೂ ಬಂದಿಲ್ಲ, ಬಾರ್ಡರಿನಲ್ಲಿದೆ ಎಂದರು. ನಾನು ಹುಟ್ಟಿದ್ದು ಆಂಧ್ರದ ಅಂಚಿನ ಅಗಳಿ ಕಡೆಯ ಹಳ್ಳಿಯಲ್ಲಿ. ನಮ್ಮ ಹೊಲದ ಬದುವಿನ ಮೇಲೆ ನಿಂತು ಉಗುಳಿದರೆ ಕರ್ನಾಟಕಕ್ಕೆ ಬೀಳುತ್ತಿತ್ತು. ಬಾರ್ಡರ್ ಎಂದರೆ ದಿನಕ್ಕೆ ನಾಲ್ಕು ಸಲ ಕುರಿಯ ಹಿಂದೆ ದಾಟಿ ಬರುವ ಜಾಗ ಎಂದುಕೊಂಡಿದ್ದವಳಿಗೆ, ದಾಟಿದರೆ ಹಿಂದಕ್ಕೆ ಬರಲಾಗದ ಬಾರ್ಡರೂ ಇರುತ್ತದೆಂದು ಆವತ್ತು ಗೊತ್ತಾಯಿತು. "ದಿನಾ ವಾಕಿಂಗ್ ಮಾಡಮ್ಮ, ಮೈ ಬೆವರಬೇಕು. ಶೂ ಹಾಕ್ಕೊ. ಕಾಲಿಗೆ ಗಾಯ ಮಾತ್ರ ಆಗಕೂಡದು" ಎಂದರು ಡಾಕ್ಟರು. ಕೊನೆಯ ಮಾತನ್ನು ನಾನು ಮನೆ ಮುಟ್ಟುವವರೆಗೆ ಬಾಯಿಪಾಠದ ಹಾಗೆ ಹೇಳಿಕೊಂಡೆ.

ಅಂದಿನವರೆಗೆ ನನ್ನ ಬದುಕು ಕೂತು ನಡೆದದ್ದು. ಮದುವೆಯಾಗಿ ರಾಯದುರ್ಗಕ್ಕೆ ಬಂದ ಹೊಸದರಲ್ಲಿ ಬೀದಿಗೊಂದು ಯೂನಿಟ್ ಏಳುತ್ತಿತ್ತು. ಹೊಲ ಬಿಟ್ಟು ಬಂದವರೆಲ್ಲ ಮಿಷಿನ್ ಮುಂದೆ ಕೂತೆವು. ಕೂತಲ್ಲೇ ನಲವತ್ತು ದಾಟಿತು, ಮಗಳ ಮದುವೆಯೂ ಆಯಿತು. ಊರಿನ ಅರ್ಧ ಗಂಡಸರ ಪ್ಯಾಂಟಿಗೆ ಜಿಪ್ ಕೂರಿಸಿದ ನನ್ನ ಹತ್ತಿರ ನಡೆಯಲು ಹೋಗುವುದಕ್ಕೆ ತಕ್ಕ ಬಟ್ಟೆ ಇರಲಿಲ್ಲ. ಮಗಳು ಗಂಡನ ಮನೆಗೆ ಹೋಗುವಾಗ ಬಿಟ್ಟುಹೋದ ಚೂಡಿದಾರದ ಬದಿ ಹೊಲಿಗೆ ಬಿಚ್ಚಿ, ಅಗಲ ಮಾಡಿ ಹಾಕಿಕೊಂಡೆ. ಸಂತೆಬೀದಿಯಲ್ಲಿ ಕ್ಯಾನ್ವಾಸ್ ಶೂ ಕೊಂಡೆ.

ಬೆಳಗಿನ ಜಾವ ಕೋಟೆ ಬೆಟ್ಟದ ಬುಡದ ರಸ್ತೆಯಲ್ಲಿ ನಡೆಯತೊಡಗಿದೆ. ನಡಿಗೆ ನನ್ನಂಥವಳಿಗೆ ಒಳ್ಳೆಯ ಔಷಧಿಯಲ್ಲ. ಕೈ ಖಾಲಿ, ಬಾಯಿ ಖಾಲಿ, ಚಿಂತೆಗೆ ಬೇಕಾದಷ್ಟು ಪುರಸೊತ್ತು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬಲ್ಲಿ ಶುರುವಾದದ್ದು ತಿರುವು ಮುಟ್ಟುವಷ್ಟರಲ್ಲಿ ಮಗಳ ಹೆರಿಗೆಗೆ ತಲುಪಿರುತ್ತಿತ್ತು. ಮಗಳು ಇನ್ನೂ ಬಸುರಿಯೂ ಆಗಿರಲಿಲ್ಲ. ಒಂದು ದಿನ ಗ್ಯಾಸಿನ ಚಿಂತೆ ತಡೆಯಲಾಗದೆ ಮನೆಯ ಕಡೆ ಓಡಿದೆ. ಗ್ಯಾಸ್ ಆರಿಸಿಯೇ ಇತ್ತು. ಆದರೆ ಓಡಿದ ಅಷ್ಟು ದೂರ ತಲೆಯಲ್ಲಿ ಉಸಿರಾಟದ ಸದ್ದು ಬಿಟ್ಟು ಬೇರೇನೂ ಇರಲಿಲ್ಲ ಎಂಬುದು ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುವಾಗ ಹೊಳೆಯಿತು.

ಓಟ ನನಗೆ ಹೊಸದಾಗಿರಲಿಲ್ಲ. ಹಳ್ಳಿಯ ಶಾಲೆಯಲ್ಲಿ ಲಂಗ ಎತ್ತಿ ಸಿಕ್ಕಿಸಿಕೊಂಡು ಬರಿಗಾಲಲ್ಲಿ ಓಡುತ್ತಿದ್ದೆ. ಗೆದ್ದರೆ ಸ್ಟೀಲ್ ತಟ್ಟೆ ಕೊಡುತ್ತಿದ್ದರು, ನಮ್ಮವ್ವ ಮನೆಗೆ ತಟ್ಟೆ ಸಾಲದಿದ್ದರೆ "ಸ್ಕೂಲಲ್ಲಿ ಓಟ ಯಾವಾಗ್ಲೇ?" ಎಂದು ಕೇಳುತ್ತಿದ್ದಳು. ದೊಡ್ಡವಳಾದ ಮೇಲೆ ನಿಂತ ಓಟ ಗ್ಯಾಸಿನ ನೆಪದಲ್ಲಿ ಹೀಗೆ ವಾಪಸು ಬಂತು. ಮಾರನೆಯ ದಿನದಿಂದ ಸ್ವಲ್ಪ ದೂರ ನಡೆದು, ಯಾರೂ ಇಲ್ಲದ ಕಡೆ ಓಡುತ್ತಿದ್ದೆ.

ಯಾರೂ ಇಲ್ಲದ ಕಡೆ ಎಂಬುದು ನನ್ನ ಭ್ರಮೆ. ನಮ್ಮ ಕಡೆ ವಯಸ್ಸಾದ ಹೆಂಗಸು ಓಡುತ್ತಿದ್ದರೆ ಒಂದೋ ಬಸ್ ತಪ್ಪಿರಬೇಕು, ಇಲ್ಲ ಯಾರಿಗೋ ಏನೋ ಆಗಿರಬೇಕು. ನಮ್ಮ ಬೀದಿಯ ಆಟೋದವನು ಪಕ್ಕಕ್ಕೆ ಬಂದು ನಿಲ್ಲಿಸಿದ.

"ಯಾಕಕ್ಕಾ, ಯಾರಿಗೇನಾತ್ರಿ? ಹತ್ರಿ, ಆಸ್ಪತ್ರಿಗೆ ಬಿಡ್ತೀನಿ."

"ಯಾರಿಗೂ ಏನೂ ಆಗಿಲ್ಲಪ್ಪ. ಸುಮ್ನೆ ಓಡ್ತಾ ಇದೀನಿ."

"ಸುಮ್ನ?" ಅವನು ನನ್ನ ಹಿಂದಕ್ಕೆ ಬಗ್ಗಿ ನೋಡಿದ, ನಾಯಿ ಗೀಯಿ ಬೆನ್ನು ಹತ್ತಿದೆಯೇ ಎಂದು. "ನೀರು ಕುಡದು ಮನಿಗೆ ಹೋಗ್ರಿ ಅಕ್ಕಾ. ನಾ ಯಾರಿಗೂ ಹೇಳಂಗಿಲ್ಲ."

ನಾನು ಮಿಷಿನ್ ಮುಂದೆ ಕೂರುವಷ್ಟರಲ್ಲಿ ಇಡೀ ಯೂನಿಟ್ಟಿಗೆ ಗೊತ್ತಾಗಿತ್ತು.

ಎರಡು ವಾರ ಕಳೆದಿರಬಹುದು, ಎಡಗಾಲಿನ ಬೆರಳುಗಳ ನಡುವೆ ಉರಿ ಕಾಣಿಸಿತು. ಬರಿಗಾಲಲ್ಲಿ ಇಷ್ಟು ವರ್ಷ ತೊಂದರೆ ಕೊಡದ ಕಾಲುಂಗುರ, ಶೂವಿನ ಇಕ್ಕಟ್ಟಿನಲ್ಲಿ ಒತ್ತಿ ಒತ್ತಿ ಪಕ್ಕದ ಬೆರಳನ್ನು ಕೊರೆದಿತ್ತು. ಕಾಲುಚೀಲದಲ್ಲಿ ಚುಕ್ಕೆಯಷ್ಟು ರಕ್ತ. ಅಷ್ಟನ್ನು ನೋಡಿ ನನ್ನ ಕಣ್ಣ ಮುಂದೆ ಅಕ್ಕನ ದಿಂಬು, ಪಟ್ಟಿ, ಎಲ್ಲ ಬಂದು ಹೋದವು. ಅರಿಶಿನ ಹಚ್ಚದೆ ನೇರ ಆಸ್ಪತ್ರೆಗೆ ಓಡಿದೆ. ಪಟ್ಟಿ ಕಟ್ಟಿದ ನರ್ಸಮ್ಮ ಸಹಜವಾಗಿ ಹೇಳಿದಳು. "ಇದನ್ನ ತೆಗೆದಿಟ್ಟು ಓಡ್ರಿ. ಇಲ್ಲಾಂದ್ರ ಓಡಬ್ಯಾಡ್ರಿ."

ಹೇಳುವುದು ಸುಲಭ. ನನ್ನ ಗಂಡ ಲಾರಿ ಡ್ರೈವರ್. ಇಲ್ಲಿ ಹೊಲಿದ ಜೀನ್ಸ್ ಬಳ್ಳಾರಿಗೆ ಹೋಗಿ, ವಾಶ್ ಆಗಿ, ಅಲ್ಲಿಂದ ದೂರದ ಊರುಗಳಿಗೆ ಹೋಗುತ್ತದೆ. ಆ ಬಟ್ಟೆ ಮೂಟೆಗಳ ಹಿಂದೆ ನನ್ನ ಮುತ್ತೈದೆತನವೂ ಘಾಟಿ ಹತ್ತಿ ಇಳಿಯುತ್ತದೆ. ಅವರ ಗಾಡಿಗೆ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ, ಕನ್ನಡಿಗೆ ಕರಿದಾರ, ಬಂಪರಿಗೆ ಹಳೆಯ ಚಪ್ಪಲಿ. ಇಷ್ಟೆಲ್ಲ ಕಾವಲು ಹಾಕಿಕೊಂಡು ಹೋಗುವವರ ಹೆಂಡತಿ ಮನೆಯಲ್ಲಿ ಕಾಲುಂಗುರ ಕಳಚಿಟ್ಟು ಕುಣಿದಾಡಿದರೆ ಏನು ಗತಿ? ಒಂದು ಕಡೆ ನನ್ನ ಬೆರಳು, ಇನ್ನೊಂದು ಕಡೆ ನನ್ನ ಗಂಡ. ಯಾವುದನ್ನು ಪಣಕ್ಕಿಡಬೇಕೆಂದು ಯೋಚಿಸುತ್ತ ಎರಡು ದಿನ ಓಡಲಿಲ್ಲ, ನಿದ್ದೆಯನ್ನೂ ಮಾಡಲಿಲ್ಲ.

ಪಕ್ಕದ ಮಿಷಿನ್‌ನಲ್ಲಿ ಪ್ಯಾಂಟಿಗೆ ಬೆಲ್ಟ್ ಪಟ್ಟಿ ಹೊಲಿಯುವವಳು ರಾಯದುರ್ಗದವಳೇ. ಅವಳಿಗೆ ಎಲ್ಲದಕ್ಕೂ ದಾರಿ ಗೊತ್ತು.

"ಅಷ್ಟಕ್ಕ ಯಾಕ ಮಾರಿ ಸಣ್ಣ ಮಾಡ್ಕೊಂಡಿ ಅಕ್ಕಾ? ದಾರ ಪೋಣಿಸಿ ತಾಳಿಗೆ ಕಟ್ಕೊ. ಮೈಮ್ಯಾಲೇ ಇರತೈತಿ, ಬೆರಳಿಗೂ ತ್ರಾಸಿಲ್ಲ. ಕೆಳಗಿದ್ದದ್ದು ಮ್ಯಾಲಾತು, ನಿನ ಗಂಡಗೂ ಪ್ರಮೋಷನ್."

ಕಟ್ಟಿಕೊಂಡೆ. ಒಂದೇ ದಿನ. ಓಡುವಾಗ ಎದೆಯ ಮೇಲೆ ಉಂಗುರಗಳು ತಾಳಿಗೆ ಬಡಿದು ಕಿಣಿಕಿಣಿ ಎನ್ನತೊಡಗಿದವು. ತಿರುವು ಮುಟ್ಟುವ ಮೊದಲೇ ಹೊಸದೊಂದು ಹೊಳೆಯಿತು: ಕಾಲಲ್ಲಿ ತುಳಿದಾಡಿದ ಬೆಳ್ಳಿಯನ್ನು ತಂದು ತಾಳಿಗೆ ಬಡಿಸುತ್ತಿದ್ದೇನಲ್ಲ! ಕಳಚಿಡುವುದಕ್ಕಿಂತ ಇದು ಹೆಚ್ಚಿನ ಅಪಚಾರವಲ್ಲವೇ? ಓಟ ಅಲ್ಲಿಗೇ ನಿಂತಿತು. ಅಲ್ಲೇ ಕಲ್ಲಿನ ಮೇಲೆ ಕೂತು ದಾರ ಕಡಿದು, ಉಂಗುರಗಳನ್ನು ಬೆರಳಿಗೆ ಏರಿಸಿ, ಶೂ ಕೈಯಲ್ಲಿ ಹಿಡಿದು ಮನೆಗೆ ಬಂದೆ. ಆಟೋದವನು ಎದುರು ಸಿಕ್ಕಿ, ಈ ಸಲ ಏನೂ ಕೇಳದೆ ತಲೆಯಾಡಿಸಿ ಹೋದ.

ಕೊನೆಗೆ ನನ್ನದೇ ಒಂದು ಕಾನೂನು ಮಾಡಿಕೊಂಡೆ. ಗಂಡ ಊರಲ್ಲಿದ್ದರೆ ಕಳಚಿಟ್ಟು ಓಡುವುದು. ಗಾಡಿ ರಸ್ತೆಯ ಮೇಲಿದ್ದರೆ ಹಾಕಿಕೊಂಡು ಮನೆಯಲ್ಲಿರುವುದು. ಮಂಚದ ಮೇಲೆ ಗೊರಕೆ ಹೊಡೆಯುತ್ತಿರುವವರಿಗೆ ಅಂಥ ಗಂಡಾಂತರ ಏನು ಬಂದೀತು? ಆದರೂ ಹೊರಡುವ ಮುಂಚೆ ಒಮ್ಮೆ ಫ್ಯಾನಿನ ಕೊಕ್ಕೆ ನೋಡಿ ಹೋಗುತ್ತಿದ್ದೆ.

ವಿಷಯ ಹೇಳಿದಾಗ ಅವರು ನಕ್ಕರು. "ಅಂದ್ರ ನಾ ಮನಿಯಾಗ ಮಲಗಿದ್ರ ನಿನ್ನ ಸಕ್ಕರಿ ಇಳಿತೈತಿ, ಗಾಡಿ ಹೊಡದ್ರ ಏರತೈತಿ. ಹಂಗಾರ ಡ್ರೈವರ್ ಕೆಲಸ ಬಿಟ್ಟು ನಿನಗ ಮಾತ್ರಿ ಆಗ್ಲೇನು?"

"ನೀವೇ ಹೇಳ್ರಲ್ಲ. ತೆಗೀಲಾ, ಬೇಡ್ವಾ?"

ಅವರು ನನ್ನ ಕಾಲು ನೋಡಿದರು. ಆಮೇಲೆ ಬಾಗಿಲಾಚೆ ನಿಂತಿದ್ದ ಗಾಡಿಯ ಕಡೆ ನೋಡಿದರು. "ನಿಂಬಿಹಣ್ಣು ಒಣಗೈತಿ, ಬದಲಿ ಮಾಡಬೇಕು" ಎಂದು ಎದ್ದು ಹೋದರು. ತೆಗೆ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಅವರು ಊರಲ್ಲಿರುತ್ತಿದ್ದುದು ತಿಂಗಳಲ್ಲಿ ಕೆಲವೇ ದಿನ. ನನ್ನ ಓಟ ನಮ್ಮ ಬೀದಿಯ ನಲ್ಲಿನೀರಿನ ಹಾಗೆ, ಬಂದಾಗ ಬಂತು, ಇಲ್ಲದಿದ್ದರೆ ಇಲ್ಲ. ಬೆರಳಿನ ಗಾಯ ಒಣಗುವುದಕ್ಕೂ ಮನಸ್ಸು ಮಾಡಲಿಲ್ಲ, ಕೆರಳುವುದಕ್ಕೂ ಇಲ್ಲ. ಮುಂದಿನ ಸಲ ರಕ್ತ ಪರೀಕ್ಷೆಗೆ ಹೋದಾಗ ಡಾಕ್ಟರು ಕನ್ನಡಕ ತೆಗೆದು ಕೇಳಿದರು. "ವಾಕಿಂಗ್ ಮಾಡ್ತಿದ್ದೀಯೇನಮ್ಮ?" ಶುಗರ್ ಏರಿತ್ತು. ಇನ್ನೊಂದು ಸಲ ನೋಡಿ ಮಾತ್ರೆ ಶುರು ಮಾಡೋಣ, ಆ ಗಾಯ ಯಾಕಿನ್ನೂ ಹಾಗೇ ಇದೆ ಎಂದು ಕೇಳಿದರು. ಗಂಡ ಊರಲ್ಲಿರಲಿಲ್ಲ ಎಂದು ಹೇಳುವುದು ಹೇಗೆ?

ಹೀಗಿರುವಾಗ ಒಂದು ಬೆಳಿಗ್ಗೆ ಅವರು ಮನೆಯಲ್ಲಿದ್ದಾರೆಂದು ಉಂಗುರ ಕಳಚಿ ಓಡಿ ಬಂದೆ. ಸ್ನಾನಕ್ಕೆ ಹೋದೆ. ನಾನು ಬಚ್ಚಲಲ್ಲಿರುವಾಗಲೇ ಅವರಿಗೆ ಅವಸರದ ಲೋಡು ಬಂದು, "ಹೊಂಟೆ" ಎಂದು ಹೊರಗಿನಿಂದ ಕೂಗಿ ಹೋದರು. ನಾನೂ ಗಡಿಬಿಡಿಯಲ್ಲಿ ಯೂನಿಟ್ಟಿಗೆ ಹೋದೆ. ದಿನವೂ ಪೆಡಲ್ ಒತ್ತಿದಾಗ ಕಾಲುಂಗುರ ಕಬ್ಬಿಣಕ್ಕೆ ತಾಗಿ ಟಿಕ್ಕೆನ್ನುತ್ತಿತ್ತು. ಇಷ್ಟು ವರ್ಷ ನನಗೆ ಕೇಳಿಸಿಯೇ ಇರದಿದ್ದ ಸದ್ದು. ಆವತ್ತು ಅದು ಬಾರದಿದ್ದದ್ದೇ ಕೇಳಿಸಿತು. ಬಗ್ಗಿ ನೋಡಿದರೆ ಬೆರಳು ಬೋಳು.

"ಯಾಕಕ್ಕಾ, ಕರೆಂಟ್ ಹೊಡೀತೇನು?" ಎಂದಳು ಪಕ್ಕದವಳು, ನಾನು ಎದ್ದು ನಿಂತ ರೀತಿಗೆ.

"ಕಾಲುಂಗುರ ಮನೇಲೇ ಬಿಟ್ಬಂದೀನಿ. ಅವ್ರು ಗಾಡಿ ತಗೊಂಡ್ ಹೋದ್ರು."

"ಹೋದ್ರ ಹೋಗ್ಲಿ ಬಿಡು, ಅವರೇನು ನಿನ್ನ ಉಂಗುರದಿಂದ ಬ್ರೇಕ್ ಹಾಕ್ತಾರೇನು?"

ನನಗೆ ನಗು ಬರಲಿಲ್ಲ. ಮತ್ತೆ ಮತ್ತೆ ಫೋನ್ ಮಾಡಿದೆ, ಸ್ವಿಚ್ಡ್ ಆಫ್. ಮೇಸ್ತ್ರಿಗೆ ಹೊಟ್ಟೆನೋವೆಂದು ಹೇಳಿ ಹೊರಬಿದ್ದೆ. ಮನೆಯವರೆಗೂ ಓಡಿದೆ, ಸೀರೆಯಲ್ಲಿ, ಚಪ್ಪಲಿಯಲ್ಲಿ, ಬಿಸಿಲಲ್ಲಿ. ಆವತ್ತು ಓಡಿದಷ್ಟು ಜೋರಾಗಿ ನಾನು ತಟ್ಟೆ ಗೆಲ್ಲುವುದಕ್ಕೂ ಓಡಿರಲಿಲ್ಲ.

ನಮ್ಮ ಜತೆಯಲ್ಲೇ ಇರುವ ಅತ್ತೆ ಬಾಗಿಲಲ್ಲಿ ಕೂತು, ಯೂನಿಟ್ಟಿನಿಂದ ತಂದ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದರು. ನಾನು ಬಚ್ಚಲು, ಕಿಟಕಿ, ಸೋಪಿನ ಡಬ್ಬಿ ಎಲ್ಲ ತಡಕಾಡುವುದನ್ನು ಸ್ವಲ್ಪ ಹೊತ್ತು ನೋಡಿದರು.

"ಏನು ಹುಡುಕಾಕತ್ತಿ?"

"ಕಾಲುಂಗುರ ಅತ್ತೆ. ಹಾಕ್ಕೊಳ್ಳೋದು ಮರ್ತೆ. ಅವ್ರ ಫೋನ್ ಬೇರೆ ಆಫ್ ಆಗೈತೆ."

"ಕಿಟಕ್ಯಾಗ ಐತಿ ನೋಡು, ಬಾಚಣಿಕಿ ಹಿಂದ."

ಅಲ್ಲೇ ಇದ್ದವು. ನೆಲದ ಮೇಲೆ ಕೂತು ಹಾಕಿಕೊಳ್ಳತೊಡಗಿದೆ. ಗಾಯದ ಬೆರಳಿಗೆ ಬೆಳ್ಳಿ ತಾಗಿ ಕಣ್ಣಲ್ಲಿ ನೀರು ಬಂತು. ಅತ್ತೆ ಕತ್ತರಿ ಕೆಳಗಿಟ್ಟರು. ಸೀರೆಯ ಅಂಚು ಸರಿಸಿ ತಮ್ಮ ಕಾಲು ಮುಂದೆ ಚಾಚಿದರು. ಎರಡನೆಯ ಬೆರಳಿನ ಬುಡದಲ್ಲಿ ಸುತ್ತಲೂ ತಗ್ಗು ಬಿದ್ದ ಗೆರೆ, ಉಂಗುರ ತೆಗೆದು ವರ್ಷಗಳಾದರೂ ಮಾಸಿರಲಿಲ್ಲ.

"ಬಾಣಂತನದಾಗ ಕಾಲು ಬಾತು ಈ ಬೆರಳು ಕರ್ರಗ ಆಗಿತ್ತು. ಸೂಲಗಿತ್ತಿ ತೆಗಿ ಅಂದ್ಳು, ತೆಗೀಲಿಲ್ಲ. ಒಂದ ದಿನಾ ತೆಗದಾಕಿ ಅಲ್ಲ ನಾ. ನಿಮ್ಮ ಮಾವ ಮಲಗಿದಲ್ಲೇ ಹೋದಾಗ ಎರಡೂ ಕಾಲಾಗ ಇದ್ದುವು."

ನಾನು ಉಂಗುರವನ್ನು ಬೆರಳಿನ ಬುಡಕ್ಕೆ ತಳ್ಳಿದೆ. ಅವರು ಮತ್ತೆ ಪ್ಯಾಂಟು ಎತ್ತಿಕೊಂಡರು.

"ಹಂಗಂತ ತೆಗಿ ಅಂತ ಹೇಳಾಕಿ ಅಲ್ಲ ನಾ. ಅಂವ ನನ್ನ ಮಗ. ನನಗೂ ಹೆದರಿಕಿ ಐತಿ. ಆದ್ರ ನೀ ನಿಮ್ಮಕ್ಕನಂಗ ಬೆರಳು ಕೊಯ್ಸಕೊಂಡು ಕುಂತ್ರ ನಿನಗ ನೀರು ಕಾಸಾಕ ನಾನ ಬೇಕಲ್ಲ, ಈ ಮಣಕಾಲು ಇಟ್ಕೊಂಡು!"

ಸಂಜೆ ಅವರ ಫೋನ್ ಬಂತು. ಬ್ಯಾಟರಿ ಮುಗಿದಿತ್ತಂತೆ. "ಯಾಕ ಅಷ್ಟು ಸಲ ಫೋನ್ ಮಾಡಿದ್ದಿ? ಅವ್ವಗ ಏನರ ಆತೇನು?" ಎಂದು ಗಾಬರಿಯಿಂದ ಕೇಳಿದರು. ಊಟ ಆಯ್ತಾ ಎಂದು ಕೇಳಲು ಮಾಡಿದೆ ಎಂದೆ. ಸಂಜೆ ಐದಕ್ಕೆ ಯಾವ ಊಟ ಎಂದು ಅವರು ಕೇಳಲಿಲ್ಲ. ನನ್ನ ಜತೆ ಬಾಳಿ ಅವರಿಗೆ ಅಭ್ಯಾಸವಾಗಿದೆ.

ಮರುದಿನ ಬೆಳಕು ಹರಿಯುವ ಮೊದಲು ಎದ್ದೆ. ಗಾಡಿ ಇನ್ನೂ ರಸ್ತೆಯ ಮೇಲಿತ್ತು. ನನ್ನ ಕಾನೂನಿನ ಪ್ರಕಾರ ಮತ್ತೆ ಮಲಗಬೇಕಿತ್ತು. ಪಟ್ಟಿ ಬಿಚ್ಚಿ ನೋಡಿದೆ, ಹಿಂದಿನ ದಿನದ ಓಟಕ್ಕೆ ಬೆರಳು ಊದಿ ಕೆಂಪಗಾಗಿತ್ತು. ಇನ್ನೊಂದು ಸಲ ಶೂ, ಇನ್ನೊಂದು ಸಲ ಉಂಗುರ ಎಂದರೆ ನಾನೇ ಕೈಯಾರೆ ಅಕ್ಕನ ದಿಂಬಿಗೆ ಕಾಲು ಚಾಚಿದ ಹಾಗೆ. ಮನೆಯಲ್ಲೇ ಕೂತರೆ ಶುಗರಿನ ಆ ಬಾರ್ಡರ್ ಇದ್ದೇ ಇದೆ. ಸೋಪಿನ ನೀರು ಹಚ್ಚಿ ಎರಡನ್ನೂ ಕಳಚಿದೆ. ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲಿ ಹಿಡಿದು ನಿಂತೆ. ದೇವರ ಗೂಡಿನಲ್ಲಿಡುವಂತಿಲ್ಲ, ನೆಲದ ಮೇಲೂ ಇಡುವಂತಿಲ್ಲ. ಅತ್ತೆ ಎದ್ದು ಕೂತಿದ್ದರು. ಅವರ ಕಡೆ ಕೈ ಚಾಚಿದೆ.

"ನನ್ನ ಕೈಯಾಗ ಕೊಡಬ್ಯಾಡ" ಎಂದು ಕೈ ಹಿಂದಕ್ಕೆ ಎಳೆದುಕೊಂಡರು. "ನಾ ಮುಟ್ಟಬಾರದು. ಕಿಟಕ್ಯಾಗ ಇಡು. ನಾ ನೋಡ್ಕೊಂತ ಕುಂತಿರ್ತೀನಿ."

ಹತ್ತಿ ಇಟ್ಟು ಪಟ್ಟಿ ಕಟ್ಟಿ, ಶೂ ಸಡಿಲ ಮಾಡಿ ಹೊರಟೆ. ಬೆಟ್ಟದ ಬುಡದಲ್ಲಿ ಕುರಿಗಳು ಇನ್ನೂ ಮಂದೆಯಲ್ಲೇ ಮಲಗಿದ್ದವು. ಮೊದಲು ಕಾಲು ಏಳಲಿಲ್ಲ. ದೂರದಲ್ಲಿ ಲಾರಿಯ ಹಾರ್ನ್ ಕೇಳಿದಾಗಲೆಲ್ಲ ಹೆಜ್ಜೆ ತಪ್ಪುತ್ತಿತ್ತು. ಆಮೇಲೆ ಯಾವುದೋ ಒಂದು ಕಡೆ ಉಸಿರು ತಾನೇ ತಾಳ ಹಿಡಿಯಿತು, ಬೆರಳು ಉರಿಯಲಿಲ್ಲ. ಅಷ್ಟರಲ್ಲಿ ಕೈಯಲ್ಲಿದ್ದ ಫೋನ್ ಹೊಡೆದುಕೊಂಡಿತು. ಅವರ ನಂಬರು. ಅವರ ನಂಬರಿನಿಂದ ಬೇರೆಯವರು ಮಾತಾಡಿದರೆ? ಪೊಲೀಸರು? ಆಸ್ಪತ್ರೆಯವರು? ಎತ್ತುವಷ್ಟರಲ್ಲಿ ಇಡೀ ಸಂಸಾರ ಕಣ್ಣ ಮುಂದೆ ಬಂದಿತ್ತು.

"ಯಾಕ, ಇಷ್ಟು ಏದುಸಿರು?" ಅವರದೇ ದನಿ.

"ಓಡ್ತಾ ಇದೀನಿ."

ಆ ಕಡೆ ಗಾಡಿಯ ಗುರುಗುಟ್ಟುವಿಕೆ ಮಾತ್ರ ಕೇಳಿಸಿತು. "ಕಾಲಾಗ ಐತೇನು?"

ಐತೆ ಎಂದುಬಿಟ್ಟಿದ್ದರೆ ಅವರಿಗೂ ನೆಮ್ಮದಿ, ನನಗೂ ನೆಮ್ಮದಿ. "ಇಲ್ಲ. ಕಿಟಕೀಲಿಟ್ಟು ಬಂದೆ."

"ಅವ್ವಗ ಗೊತ್ತೈತೇನು?"

"ಗೊತ್ತು. ಅವ್ರಿಗೂ ಹೆದ್ರಿಕೆಯಂತೆ."

ಅವರು ಒಮ್ಮೆ ಹಾರ್ನ್ ಒತ್ತಿದರು. ಆಮೇಲೆ ನಕ್ಕರೋ, ಗಂಟಲು ಸರಿ ಮಾಡಿಕೊಂಡರೋ ತಿಳಿಯಲಿಲ್ಲ. "ನನಗೂ ಐತಿ. ಹಂಗಾರ ಮೂರೂ ಮಂದಿ ಹೆದರಿಕೊಂಡೇ ಇರೋಣ. ನೀ ಓಡು."

ಫೋನ್ ಇಟ್ಟರು. ನಾನು ರಸ್ತೆಯ ನಡುವೆ ನಿಂತೇ ಇದ್ದೆ. ಎದೆ ಹಗುರವಾಯಿತು ಅನ್ನುವಷ್ಟರಲ್ಲಿ ಹೊಳೆಯಿತು: ಗಾಡಿ ಓಡಿಸುತ್ತಲೇ ಮಾತಾಡಿದರಲ್ಲ! ಒಂದು ಕೈಯಲ್ಲಿ ಸ್ಟೀರಿಂಗ್, ಒಂದು ಕೈಯಲ್ಲಿ ಫೋನ್. ಬೈಯಬೇಕೆಂದು ಅವರ ನಂಬರಿನ ಮೇಲೆ ಬೆರಳಿಟ್ಟೆ. ಮಾಡಿದರೆ ಮತ್ತೆ ಎತ್ತುತ್ತಾರೆ. ಮಾಡದಿದ್ದರೆ ನಾಳೆಯೂ ಹೀಗೇ ಮಾತಾಡುತ್ತಾರೆ. ಹಾಗೇ ನಿಂತು ಯೋಚಿಸಿದರೆ ಮಧ್ಯಾಹ್ನವಾಗುತ್ತಿತ್ತು. ಫೋನನ್ನು ಮುಷ್ಟಿಯಲ್ಲಿ ಹಿಡಿದು, ತಿರುವಿನ ಕಡೆಗೆ ಮತ್ತೆ ಓಡತೊಡಗಿದೆ.